ಬೆರಳಿನ ನರುಳ್ಳಿಗೆ ಬ್ಲೇಡ್ ಹಾಕೋ ಮುಂಚೆ ಇದನ್ನು ಓದಿ: ಯಾವ ಗಂಟು ಬಿಟ್ಟರೂ ನಡೆಯುತ್ತೆ, ಯಾವುದನ್ನು ತೋರಿಸಲೇಬೇಕು?

ಕೈಬೆರಳ ಮೇಲೆ ಅವರೆಕಾಳಿನಷ್ಟು ಒರಟು ಗುಳ್ಳೆ. ಕಾಲಿನ ಕಿರುಬೆರಳ ಪಕ್ಕ ಚಪ್ಪಲಿ ತಾಗಿದರೆ ಜೀವ ಹೋಗುವಂಥ ಗಟ್ಟಿ ಚರ್ಮ. ಉಗುರಿನ ಬುಡದಲ್ಲಿ ಒಂದು ಸಣ್ಣ ನೀರುಗುಳ್ಳೆ. ಇಂಥದ್ದೊಂದು ಯಾವತ್ತೂ ಕಾಣಿಸದ ಮನೆ ಸಿಗೋದು ಕಷ್ಟ. ಇವುಗಳಲ್ಲಿ ಬಹುಪಾಲು ನಿರಪಾಯಕಾರಿ. ಕ್ಯಾನ್ಸರ್ ಅಲ್ಲ, ಮೈಗೆಲ್ಲ ಹರಡುವ ರೋಗವೂ ಅಲ್ಲ. ಎಷ್ಟೋ ಗುಳ್ಳೆಗಳು ಏನೂ ಮಾಡದಿದ್ದರೂ ತಾವಾಗಿ ಹೋಗುತ್ತವೆ.

ತೊಂದರೆ ಬರೋದು ಎರಡು ಕಡೆಯಿಂದ. ಒಂದು, ಮನೆಯಲ್ಲೇ ಬ್ಲೇಡ್ ಹಾಕಿ ಕೊಯ್ಯೋದು, ಸುಣ್ಣ-ಸೋಡಾ ಹಚ್ಚೋದು, ಊದುಬತ್ತಿಯಲ್ಲಿ ಸುಡೋದು. ಎರಡನೆಯದು, ಅಪರೂಪಕ್ಕೆ ಬರುವ ಕೆಟ್ಟ ಗಡ್ಡೆಯನ್ನೂ ‘ನರುಳ್ಳಿ ತಾನೇ’ ಅಂತ ವರ್ಷಗಟ್ಟಲೆ ಬಿಡೋದು. ಯಾವುದನ್ನು ಮುಟ್ಟಬಾರದು, ಯಾವುದನ್ನು ಬಿಡಬಾರದು ಅನ್ನೋದು ಗೊತ್ತಿದ್ದರೆ ಈ ಎರಡನ್ನೂ ತಪ್ಪಿಸಬಹುದು.

ನರುಳ್ಳಿ: ಇದಕ್ಕೆ ಬೇರೇ ಇಲ್ಲ

ನರುಳ್ಳಿ, ನರಹುಲಿ, ನರೂಲಿ. ಊರಿಗೊಂದು ಹೆಸರು, ಕಾಯಿಲೆ ಒಂದೇ. ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುವ ಗುಳ್ಳೆ ಇದು. ಕಪ್ಪೆ ಮುಟ್ಟಿದರೆ ಬರುತ್ತೆ ಅನ್ನೋದು ಸುಳ್ಳು. ಈ ವೈರಸ್ ಮನುಷ್ಯರಿಂದ ಮನುಷ್ಯರಿಗಷ್ಟೇ ಅಂಟುತ್ತದೆ. ಚರ್ಮದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯದೊಳಗೆ ನುಗ್ಗಿ, ವಾರಗಳ ಅಥವಾ ತಿಂಗಳುಗಳ ನಂತರ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲಿ, ಯಾರಿಂದ ಬಂತು ಅಂತ ಹುಡುಕುವುದರಲ್ಲಿ ಅರ್ಥವಿಲ್ಲ.

ಎಚ್‌ಪಿವಿ ಹೆಸರು ಕೇಳಿದ ಕೂಡಲೇ ಗರ್ಭಕೊರಳಿನ ಕ್ಯಾನ್ಸರ್ ನೆನಪಾಗಿ ಗಾಬರಿಯಾಗುವವರೂ ಇದ್ದಾರೆ. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ಸಾಮಾನ್ಯ ನರುಳ್ಳಿ ತರುವ ಬಗೆಗಳೇ ಬೇರೆ, ಆ ಕ್ಯಾನ್ಸರ್ ತರುವ ಬಗೆಗಳೇ ಬೇರೆ.

ನರುಳ್ಳಿಯ ಒಳಗೆ ಕಾಣುವ ಕಪ್ಪು ಚುಕ್ಕೆಗಳನ್ನು ಜನ ‘ಬೇರು’ ಅಂತಾರೆ. ಅದನ್ನು ಕಿತ್ತರೆ ಪೂರ್ತಿ ಹೋಗುತ್ತೆ ಅಂತ ಪಿನ್ನು, ಸೂಜಿ, ಬ್ಲೇಡ್ ಹಾಕ್ತಾರೆ. ನಿಜವಾಗಿ ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ನರುಳ್ಳಿ ಇರೋದು ಚರ್ಮದ ಮೇಲ್ಪದರದಲ್ಲಿ ಮಾತ್ರ, ಕೆಳಗೆ ಬೇರು ಇಳಿದಿರೋದಿಲ್ಲ. ಆಳಕ್ಕೆ ಕೊಯ್ದಷ್ಟೂ ರಕ್ತ, ನೋವು, ಕಲೆ. ಜೊತೆಗೆ ಬ್ಲೇಡ್ ತಾಗಿದ ಹೊಸ ಗಾಯದಲ್ಲೆಲ್ಲ ವೈರಸ್ ಹೊಕ್ಕು ಒಂದಿದ್ದದ್ದು ನಾಲ್ಕಾಗುತ್ತದೆ.

ಉಗುರು ಕಚ್ಚುವ ಮಕ್ಕಳಲ್ಲಿ ಉಗುರಿನ ಸುತ್ತ ಸಾಲಾಗಿ ನರುಳ್ಳಿ ಏಳುವುದೂ ಇದೇ ಕಾರಣಕ್ಕೆ. ಕಚ್ಚಿದ ಬೆರಳಿನಿಂದ ತುಟಿಗೂ ಹೋಗಬಹುದು. ಅಂಥ ಮಕ್ಕಳಿಗೆ ಔಷಧಕ್ಕಿಂತ ಮೊದಲು ಬಿಡಿಸಬೇಕಾದದ್ದು ಕಚ್ಚುವ ಅಭ್ಯಾಸ.

ಹರಕೆ ಹೊತ್ತರೆ ಹೋಗುತ್ತಲ್ಲ, ಅದು ಹೇಗೆ?

ಉಪ್ಪು-ಮೆಣಸು ಹರಕೆ ಹೊತ್ತು ನರುಳ್ಳಿ ಉದುರಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ನರುಳ್ಳಿಯ ಸ್ವಭಾವವೇ ಹಾಗೆ. ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನರುಳ್ಳಿಗಳು 2 ವರ್ಷದೊಳಗೆ ತಾವಾಗಿ ಮಾಯವಾಗುತ್ತವೆ. ದೇಹದ ರೋಗನಿರೋಧಕ ಶಕ್ತಿಗೆ ವೈರಸ್‌ನ ಗುರುತು ಹತ್ತಿದ ಮೇಲೆ, ಕೈತುಂಬ ಇದ್ದ ಗುಳ್ಳೆಗಳೂ ಕೆಲವೇ ವಾರಗಳಲ್ಲಿ ಹೋಗಿಬಿಡಬಹುದು. ದೊಡ್ಡವರಲ್ಲಿ ಇದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಹರಕೆಯಿಂದ ಚರ್ಮಕ್ಕೇನೂ ಹಾನಿ ಇಲ್ಲ. ಹಾನಿ ಮಾಡೋದು ಬೇರೆ ಮದ್ದುಗಳು. ತಾಂಬೂಲದ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚುವ ಪದ್ಧತಿ ಹಲವೆಡೆ ಇದೆ. ಸುಣ್ಣ ಮತ್ತು ಸೋಡಾ ನೀರಿನಲ್ಲಿ ಸೇರಿದಾಗ ಉಂಟಾಗುವುದು ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಪೈಪು ಬಿಡಿಸಲು ಸುರಿಯುವ ಪುಡಿಯಲ್ಲಿ ಇರುವುದೂ ಅದೇ. ಅದಕ್ಕೆ ನರುಳ್ಳಿ ಯಾವುದು, ಒಳ್ಳೆಯ ಚರ್ಮ ಯಾವುದು ಅನ್ನೋದು ಗೊತ್ತಾಗೋದಿಲ್ಲ. ಬೆರಳಿನ ಚರ್ಮ ತೆಳು, ಸ್ವಲ್ಪ ಕೆಳಗೇ ನರ, ಸ್ನಾಯುವಿನ ಹುರಿ, ಕೀಲು. ಸುಟ್ಟ ಗಾಯ ಅಲ್ಲಿವರೆಗೂ ಇಳಿಯಬಹುದು.

ಹಿಂದೆ ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಎಣ್ಣೆಯೂ ಹಾಗೆಯೇ. ಕೆಲವರಿಗೆ ಹಚ್ಚಿದ ಜಾಗ ಬಿಟ್ಟು ಕೈತುಂಬ ನೀರುಗುಳ್ಳೆ ಏಳಿಸುತ್ತದೆ. ಇನ್ನು ಕುದುರೆ ಬಾಲದ ಕೂದಲು ಅಥವಾ ದಾರ ಬಿಗಿಯೋದು. ಗುಳ್ಳೆಯ ಬುಡಕ್ಕೆ ಕಟ್ಟಿದ ದಾರ ಬೆರಳಿಗೇ ಬಿಗಿದುಕೊಂಡರೆ ರಕ್ತ ಓಡಾಟ ನಿಂತು ಬೆರಳೇ ಕಪ್ಪಾಗುವ ಅಪಾಯವಿದೆ. ಮಕ್ಕಳಿಗಂತೂ ಖಂಡಿತ ಬೇಡ.

ಆಣಿ, ಜಡ್ಡು: ಚಪ್ಪಲಿ ಬದಲಿಸದೆ ಹೋಗೋದಿಲ್ಲ

ಆಣಿ ವೈರಸ್ ಅಲ್ಲ, ಅಂಟುವುದೂ ಇಲ್ಲ. ಒಂದೇ ಜಾಗಕ್ಕೆ ಪದೇ ಪದೇ ಒತ್ತಡ ಬಿದ್ದಾಗ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಅಗಲವಾಗಿ ದಪ್ಪವಾದರೆ ಜಡ್ಡು, ಒಂದೇ ಬಿಂದುವಿನಲ್ಲಿ ಮೊಳೆಯಂತೆ ಒಳಕ್ಕೆ ಒತ್ತಿದರೆ ಆಣಿ. ದರ್ಜಿಯ ಹೆಬ್ಬೆರಳಿಗೆ ಕತ್ತರಿಯಿಂದ, ಅಡಿಕೆ ಸುಲಿಯುವವರ ಬೆರಳಿಗೆ ಕತ್ತಿಯಿಂದ, ಗುದ್ದಲಿ ಹಿಡಿಯುವವರ ಅಂಗೈಗೆ ಹಿಡಿಕೆಯಿಂದ ಬರುವ ಜಡ್ಡು ರೋಗವೇ ಅಲ್ಲ. ಕಾಲುಂಗುರ ಬಿಗಿಯಾದರೆ ಅದರ ಪಕ್ಕದ ಚರ್ಮವೂ ಗಟ್ಟಿಯಾಗಬಹುದು.

ಅಂಗಾಲಿನಲ್ಲಿ ಇರೋದು ಆಣಿಯೋ ನರುಳ್ಳಿಯೋ ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಮೇಲಿನಿಂದ ನೇರವಾಗಿ ಒತ್ತಿದಾಗ ಹೆಚ್ಚು ನೋವಾದರೆ ಅದು ಆಣಿ ಇರಬಹುದು. ಎರಡೂ ಪಕ್ಕದಿಂದ ಚಿವುಟಿದಾಗ ಹೆಚ್ಚು ನೋವಾದರೆ ನರುಳ್ಳಿ ಇರಬಹುದು. ಇನ್ನೊಂದು ಗುರುತು ಚರ್ಮದ ಗೆರೆಗಳು. ಹೆಬ್ಬೆಟ್ಟಿನ ಗುರುತಿನಂಥ ಗೆರೆಗಳು ಜಡ್ಡಿನ ಮೇಲೆ ಹಾಗೇ ಹಾದುಹೋಗುತ್ತವೆ. ನರುಳ್ಳಿಯ ಹತ್ತಿರ ಬಂದಾಗ ಕಡಿದುಹೋದಂತೆ ಕಾಣುತ್ತವೆ.

ಆಣಿಯನ್ನು ಎಷ್ಟು ಸಲ ಕೆತ್ತಿಸಿದರೂ ಒತ್ತಡ ಅಲ್ಲೇ ಇದ್ದರೆ ಮತ್ತೆ ಬರುತ್ತದೆ. ಬೆರಳಿಗೆ ಜಾಗ ಇರುವ, ಮೆತ್ತನೆ ಅಡಿ ಇರುವ ಚಪ್ಪಲಿ ಅಥವಾ ಶೂ ಮೊದಲ ಔಷಧ. ದಿನವಿಡೀ ನಿಂತೇ ವ್ಯಾಪಾರ ಮಾಡುವವರು ನಿಲ್ಲುವ ಜಾಗಕ್ಕೆ ದಪ್ಪ ಮ್ಯಾಟ್ ಹಾಕಿಕೊಂಡರೆ ಅರ್ಧ ನೋವು ಅಲ್ಲೇ ಕಮ್ಮಿಯಾದೀತು. ಬೆಚ್ಚಗಿನ ನೀರಿನಲ್ಲಿ 10 ನಿಮಿಷ ಕಾಲಿಟ್ಟು, ಪಾದ ಉಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಮೆತ್ತಗಾಗುತ್ತದೆ.

ಶುಗರ್ ಇರೋರು ಇಲ್ಲಿ ಗಮನಿಸಿ

ಮೇಲೆ ಹೇಳಿದ ಯಾವ ಮನೆಮದ್ದೂ ಶುಗರ್ ಇರುವವರ ಪಾದಕ್ಕೆ ಅನ್ವಯಿಸೋದಿಲ್ಲ. ಬ್ಲೇಡ್ ಬೇಡ, ಕಲ್ಲು ಬೇಡ, ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ.

ಕಾರಣ ಇಷ್ಟೇ. ಬಹಳ ವರ್ಷ ಶುಗರ್ ಹೆಚ್ಚಿದ್ದವರ ಪಾದದ ನರಗಳು ಮಂದವಾಗುತ್ತವೆ, ನೋವೇ ಗೊತ್ತಾಗೋದಿಲ್ಲ. ರಕ್ತ ಓಡಾಟವೂ ಕುಗ್ಗಿರಬಹುದು. ಆಣಿ ಗಟ್ಟಿಯಾಗುತ್ತ ಹೋದಂತೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಕೆಳಗಿನ ಮಾಂಸವನ್ನು ಅದುಮುತ್ತದೆ. ಮೇಲೆ ಗಟ್ಟಿ ಚರ್ಮ, ಕೆಳಗೆ ಹುಣ್ಣು. ನೋವಿಲ್ಲದ ಕಾರಣ ಆ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಕೀವು, ವಾಸನೆ ಬಂದ ಮೇಲೆ ಆಸ್ಪತ್ರೆಗೆ ಹೋದರೆ ಕೆಲವೊಮ್ಮೆ ಬೆರಳು, ಇನ್ನೂ ತಡವಾದರೆ ಪಾದವೇ ತೆಗೆಯಬೇಕಾಗುತ್ತದೆ. ಎಲ್ಲ ಶುರುವಾಗೋದು ಒಂದು ಆಣಿಯಿಂದ, ಅಥವಾ ಅದನ್ನು ಕೊಯ್ದ ಬ್ಲೇಡ್‌ನಿಂದ.

ಹಾಗಾಗಿ ನೋಯುವ ಆಣಿಗಿಂತ ನೋಯದ ಆಣಿಗೇ ಹೆಚ್ಚು ಹೆದರಬೇಕು. ಶುಗರ್ ಇರುವವರು ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಬಹುದು, ಇಲ್ಲವೇ ಮನೆಯವರಿಂದ ನೋಡಿಸಬಹುದು. ಬರಿಗಾಲಲ್ಲಿ ಓಡಾಡಬಾರದು. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ನಡೆದು ಪಾದ ಸುಟ್ಟರೂ ಅವರಿಗೆ ತಿಳಿಯದೇ ಹೋಗಬಹುದು. ವೈದ್ಯರ ಬಳಿ ಒಂದು ನೈಲಾನ್ ಎಳೆಯ ಪರೀಕ್ಷೆ ಇದೆ. 10 ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು ಪಾದಕ್ಕೆ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಅಂತ ನೋಡುತ್ತಾರೆ. ಎರಡೇ ನಿಮಿಷದ ಕೆಲಸ, ನೋವಿಲ್ಲ. ವರ್ಷಕ್ಕೊಮ್ಮೆಯಾದರೂ ‘ಡಾಕ್ಟ್ರೇ, ಪಾದ ಒಂದ್ಸಲ ನೋಡಿ’ ಅಂತ ಕೇಳಿ ಮಾಡಿಸಿಕೊಳ್ಳಬೇಕು.

ಉಗುರಿನ ಸುತ್ತಮುತ್ತ ಬರುವ ಇತರ ಗಂಟುಗಳು

ಬೆರಳಿನ ಮೇಲೆ ಎದ್ದದ್ದೆಲ್ಲ ನರುಳ್ಳಿಯಲ್ಲ. ಸಾಮಾನ್ಯವಾಗಿ ಗೊಂದಲ ಮಾಡುವ ಕೆಲವು ಇಲ್ಲಿವೆ.

*ಲೋಳೆ ತುಂಬಿದ ಗುಳ್ಳೆ:* ನಡುವಯಸ್ಸು ದಾಟಿದವರಲ್ಲಿ, ಬೆರಳಿನ ಕೊನೆಯ ಕೀಲು ಮತ್ತು ಉಗುರಿನ ಮಧ್ಯೆ ನುಣುಪಾದ, ಹೊಳೆಯುವ ಗುಳ್ಳೆ ಬರುತ್ತದೆ. ಒಳಗೆ ಲೋಳೆಯಂಥ ದ್ರವ. ಕೀಲು ಸವೆತದ ಜೊತೆ ಇದರ ನಂಟು. ಗುಳ್ಳೆ ಉಗುರಿನ ಬುಡವನ್ನು ಒತ್ತಿದರೆ ಉಗುರಿನಲ್ಲಿ ಉದ್ದಕ್ಕೂ ಕಾಲುವೆಯಂಥ ಗೆರೆ ಬೀಳುತ್ತದೆ. ಸೂಜಿ ಚುಚ್ಚಿ ಲೋಳೆ ತೆಗೆಯುವುದು ತಪ್ಪು. ಗುಳ್ಳೆಗೂ ಕೀಲಿಗೂ ಸಂಪರ್ಕ ಇರುವುದರಿಂದ ಸೋಂಕು ನೇರ ಕೀಲಿಗೇ ಇಳಿಯಬಹುದು.

*ದುರ್ಮಾಂಸ:* ಸಣ್ಣ ಗಾಯವಾದ ಮೇಲೆ ಅಥವಾ ಉಗುರು ಮಾಂಸದೊಳಗೆ ಬೆಳೆದಾಗ, ಕೆಲವೇ ವಾರಗಳಲ್ಲಿ ಕೆಂಪಗೆ ಉಬ್ಬಿ, ಮುಟ್ಟಿದರೆ ರಕ್ತ ಸುರಿಸುವ ಗುಳ್ಳೆ. ಗರ್ಭಿಣಿಯರಲ್ಲೂ ಕಾಣಿಸಿಕೊಳ್ಳುತ್ತದೆ. ನಿರಪಾಯಕಾರಿಯೇ. ಆದರೆ ಕೆಲವು ಕೆಟ್ಟ ಗಡ್ಡೆಗಳೂ ಇದೇ ವೇಷದಲ್ಲಿ ಬರುವುದರಿಂದ, ತೆಗೆದ ಮೇಲೆ ಆ ತುಣುಕನ್ನು ಪರೀಕ್ಷೆಗೆ ಕಳಿಸಲೇಬೇಕು.

*ಕೊಂಬಿನಂಥ ಗುಳ್ಳೆ:* ಬೆರಳಿನಿಂದ ಪುಟ್ಟ ಕೊಂಬು ಮೊಳೆತಂತೆ, ಚರ್ಮದ ಬಣ್ಣದಲ್ಲೇ ಒಂಟಿಯಾಗಿ ಇರುತ್ತದೆ. ಬುಡದ ಸುತ್ತ ಕಾಲರಿನಂಥ ಅಂಚು. ಇದು ನಾರು ಅಂಗಾಂಶದ ಬೆಳವಣಿಗೆ, ವೈರಸ್ ಅಲ್ಲ. ಹಾಗಾಗಿ ನರುಳ್ಳಿ ಔಷಧ ಎಷ್ಟು ಹಚ್ಚಿದರೂ ಹೋಗೋದಿಲ್ಲ. ಬೇಡವಾದರೆ ವೈದ್ಯರು ಬುಡಸಹಿತ ತೆಗೆಯುತ್ತಾರೆ. ಇಂಥವು ಹಲವು ಉಗುರುಗಳ ಬುಡದಲ್ಲಿ ಒಟ್ಟಿಗೆ ಬಂದರೆ, ಜೊತೆಗೆ ಫಿಟ್ಸ್ ಅಥವಾ ಮುಖದ ಮೇಲೆ ಚಿಕ್ಕ ಕೆಂಪು ಗುಳ್ಳೆಗಳು ಇದ್ದರೆ, ವೈದ್ಯರಿಗೆ ಎಲ್ಲವನ್ನೂ ಸೇರಿಸಿ ಹೇಳಬೇಕು. ವಂಶವಾಹಿ ಕಾಯಿಲೆಯೊಂದರ ಗುರುತು ಅದಾಗಿರಬಹುದು.

*ತಣ್ಣೀರು ತಾಗಿದರೆ ಪ್ರಾಣ ಹೋಗುವ ಉಗುರು:* ಕೆಲವರಿಗೆ ಒಂದೇ ಬೆರಳಿನ ಉಗುರಿನ ಕೆಳಗೆ, ಒಂದೇ ಬಿಂದುವಿನಲ್ಲಿ ವಿಪರೀತ ನೋವು. ಫ್ರಿಜ್ಜಿನ ನೀರು ಮುಟ್ಟಿದರೆ, ಉಗುರು ಸ್ವಲ್ಪ ತಾಗಿದರೆ ತಡೆಯಲಾಗದು. ಹೊರಗೆ ನೋಡಿದರೆ ಏನೂ ಕಾಣೋದಿಲ್ಲ, ಹೆಚ್ಚೆಂದರೆ ನಸುನೀಲಿ ಚುಕ್ಕೆ. ಇದು ಗ್ಲೋಮಸ್ ಎಂಬ ಪುಟಾಣಿ ಗಡ್ಡೆ ಇರಬಹುದು. ‘ನಾಟಕ ಮಾಡ್ತಾಳೆ’ ಅನ್ನಿಸಿಕೊಂಡು ವರ್ಷಗಟ್ಟಲೆ ನೋವು ತಿಂದ ಹೆಂಗಸರಿದ್ದಾರೆ. ಪೂರ್ತಿಯಾಗಿ ತೆಗೆದರೆ ನೋವು ಹೋಗುತ್ತದೆ.

*ಕಾಲಿನ ಹೆಬ್ಬೆರಳ ಉಗುರು ಮೇಲೆತ್ತುವ ಗಟ್ಟಿ ಗಂಟು:* ಹುಡುಗರಲ್ಲಿ, ಯುವಕರಲ್ಲಿ ಉಗುರಿನ ಕೆಳಗೆ ಮೂಳೆಯೇ ಸ್ವಲ್ಪ ಬೆಳೆದು ಉಗುರನ್ನು ಎತ್ತುತ್ತದೆ. ನೋಡಲು ನರುಳ್ಳಿಯಂತೆಯೇ. ಒಂದು ಎಕ್ಸ್‌ರೇ ತೆಗೆದರೆ ಗೊತ್ತಾಗಿಬಿಡುತ್ತದೆ.

ಕುರಿ, ಮೇಕೆ, ದನ ಸಾಕುವವರ ಬೆರಳು

ಬಾಯಿ ಸುತ್ತ ಹುಣ್ಣು, ಹಕ್ಕಳೆ ಎದ್ದ ಕುರಿ ಅಥವಾ ಮೇಕೆಮರಿಗೆ ಔಷಧ ಹಾಕಿದ, ಹಾಲು ಕುಡಿಸಿದ ಕೆಲ ದಿನಗಳ ಮೇಲೆ ಬೆರಳಿನಲ್ಲಿ ಕೆಂಪು-ನೇರಳೆ ಬಣ್ಣದ ಗಂಟು ಏಳಬಹುದು. ಇದು ಓರ್ಫ್ ಎಂಬ ವೈರಸ್ ಸೋಂಕು. ಹಸುವಿನ ಕೆಚ್ಚಲಿನ ಹುಣ್ಣಿನಿಂದ ಹಾಲು ಕರೆಯುವವರ ಬೆರಳಿಗೂ ಇಂಥದೇ ಗಂಟು ಬರುತ್ತದೆ. ನೋಡಲು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ 6 ವಾರಗಳ ಆಸುಪಾಸಿನಲ್ಲಿ ತಾನಾಗಿ ಒಣಗುತ್ತದೆ. ಕೀವು ತುಂಬಿದೆ ಅಂದುಕೊಂಡು ಕೊಯ್ಯಬಾರದು. ಸ್ವಚ್ಛವಾಗಿಟ್ಟು ಬಟ್ಟೆ ಸುತ್ತಿದರೆ ಸಾಕು. ವೈದ್ಯರಿಗೆ ತೋರಿಸುವಾಗ ಮಾತ್ರ ‘ಮನೆಯಲ್ಲಿ ಕುರಿ ಇದೆ, ಬಾಯಿಹುಣ್ಣಾಗಿತ್ತು’ ಅಂತ ಹೇಳೋದನ್ನು ಮರೆಯಬಾರದು. ಆ ಒಂದು ಮಾತಿನಿಂದ ಕಾಯಿಲೆ ಪತ್ತೆಯಾಗುತ್ತದೆ.

ಮೆಡಿಕಲ್ ಶಾಪಿನ ಔಷಧ: ಬಳಸುವ ಕ್ರಮ

ಶುಗರ್ ಇಲ್ಲದ, ಕಾಲಿನ ರಕ್ತ ಓಡಾಟ ಸರಿಯಾಗಿರುವ ದೊಡ್ಡವರು ಕೈಕಾಲಿನ ನರುಳ್ಳಿಗೆ ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ಬಳಸಬಹುದು. ಬಾಟಲಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇ 17ರ ಸುಮಾರಿನದು. ಆಣಿ ಪಟ್ಟಿಯಲ್ಲಿ ಶೇ 40ರಷ್ಟು ಇರುತ್ತದೆ. ಒಂದೆರಡು ದಿನ ಹಚ್ಚಿ ‘ಏನೂ ಆಗ್ಲಿಲ್ಲ’ ಅಂತ ಬಿಡುವುದರಿಂದಲೇ ಹೆಚ್ಚಿನವರಿಗೆ ಇದು ಫಲ ಕೊಡೋದಿಲ್ಲ.

ಕ್ರಮ ಹೀಗೆ: ರಾತ್ರಿ 5ರಿಂದ 10 ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ. ಮೇಲಿನ ಸತ್ತ ಚರ್ಮವನ್ನು ಉಗುರು ಉಜ್ಜುವ ಕಾಗದದಿಂದ ಮೆಲ್ಲಗೆ ಉಜ್ಜಿ. ರಕ್ತ ಬರಬಾರದು. ಆ ಕಾಗದವನ್ನು ಮತ್ತೊಬ್ಬರು ಬಳಸಬಾರದು, ಬೇರೆ ಬೆರಳಿಗೂ ಬಳಸಬಾರದು. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಗುಳ್ಳೆಯ ಮೇಲೆ ಮಾತ್ರ ಔಷಧ ಹಾಕಿ ಒಣಗಲು ಬಿಡಿ. ದಿನಾ ಹೀಗೆ ಮಾಡಿದರೂ 12 ವಾರದವರೆಗೆ ಹಿಡಿಯಬಹುದು. ಚರ್ಮ ಕೆಂಪಾಗಿ ಉರಿದರೆ ಕೆಲ ದಿನ ನಿಲ್ಲಿಸಿ. ಮುಖಕ್ಕೆ, ಗುಪ್ತಾಂಗಕ್ಕೆ ಇದನ್ನು ಹಚ್ಚಲೇಬಾರದು. ಮಕ್ಕಳಿಗೆ ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಇದಕ್ಕೂ ಬಗ್ಗದಿದ್ದರೆ ಚರ್ಮ ವೈದ್ಯರಲ್ಲಿ ಬೇರೆ ದಾರಿಗಳಿವೆ. ಮೈನಸ್ 196 ಡಿಗ್ರಿ ತಣ್ಣಗಿರುವ ದ್ರವ ಸಾರಜನಕದಿಂದ ಗುಳ್ಳೆಯನ್ನು ಹೆಪ್ಪುಗಟ್ಟಿಸುತ್ತಾರೆ. ಇದನ್ನು ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗಬಹುದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಿದ್ಯುತ್ ಉಪಕರಣದಿಂದ ಸುಡುತ್ತಾರೆ. ಗುಳ್ಳೆಗಳು ತುಂಬಾ ಇದ್ದರೆ, ಒಂದಕ್ಕೆ ಚುಚ್ಚುಮದ್ದು ಕೊಟ್ಟು ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಿ ಉಳಿದವೂ ಹೋಗುವಂತೆ ಮಾಡುವ ಚಿಕಿತ್ಸೆಯೂ ಇದೆ. ಯಾವುದು ಮಾಡಿದರೂ ನರುಳ್ಳಿ ಮರಳಿ ಬರುವ ಸಾಧ್ಯತೆ ಇದ್ದೇ ಇದೆ. ಹಾಗೆ ಬಂದರೆ ವೈದ್ಯರು ಮೋಸ ಮಾಡಿದರು ಅಂತ ಅರ್ಥವಲ್ಲ.

ಅಂಗಡಿ, ಹೋಟೆಲ್‌ನವರಿಗೆ

ಕೈಯಲ್ಲಿ ನರುಳ್ಳಿ ಇದೆ ಅಂತ ಗಿರಾಕಿ ಮುಖ ಸಿಂಡರಿಸಿದರೆ ಬೇಸರವಾಗುವುದು ಸಹಜ. ವ್ಯಾಪಾರ ನಿಲ್ಲಿಸುವ ಅಗತ್ಯ ಇಲ್ಲ. ಚಿಲ್ಲರೆ ಕೊಟ್ಟು ತೆಗೆದುಕೊಳ್ಳುವಾಗ ಅಂಟುವ ಸಾಧ್ಯತೆ ಬಹಳ ಕಡಿಮೆ. ತಿಂಡಿ, ಹಣ್ಣು, ಮಾಂಸ ಮುಟ್ಟುವವರು ನೀರು ಹೋಗದ ಬ್ಯಾಂಡೇಜ್ ಪಟ್ಟಿ ಅಂಟಿಸಿಕೊಂಡರೆ ಗಿರಾಕಿಗೂ ಸಮಾಧಾನ, ತಮಗೂ ಒಳ್ಳೆಯದು.

ಮಾಂಸ, ಮೀನು ಕತ್ತರಿಸುವವರಲ್ಲಿ ನರುಳ್ಳಿ ಹೆಚ್ಚು ಕಾಣುತ್ತದೆ. ಕೈ ದಿನವಿಡೀ ಒದ್ದೆ, ಜೊತೆಗೆ ಸಣ್ಣಪುಟ್ಟ ಕೊಯ್ತ. ವೈರಸ್ ಹೊಕ್ಕಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಕೈಗವಸು ಹಾಕುವುದು, ಕೆಲಸ ಮುಗಿದ ಮೇಲೆ ಕೈ ಒರೆಸಿ ಒಣಗಿಸಿಕೊಳ್ಳುವುದು ಸರಳ ಪರಿಹಾರ.

ಸಲೂನ್, ಬ್ಯೂಟಿ ಪಾರ್ಲರ್ ನಡೆಸುವವರು ಗಿರಾಕಿಯ ನರುಳ್ಳಿ, ಆಣಿಗೆ ಬ್ಲೇಡ್ ಹಾಕಬಾರದು. ಒಬ್ಬರಿಗೆ ಬಳಸಿದ ಬ್ಲೇಡ್ ಇನ್ನೊಬ್ಬರಿಗೆ ತಾಗಿದರೆ ನರುಳ್ಳಿ ಮಾತ್ರವಲ್ಲ, ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಕೂಡ ಅಂಟಬಹುದು. ಮೆಡಿಕಲ್ ಶಾಪಿನವರು ಆಣಿ ಪಟ್ಟಿ ಕೊಡುವ ಮುಂಚೆ ‘ಶುಗರ್ ಇದ್ಯಾ?’ ಅಂತ ಒಂದು ಮಾತು ಕೇಳಿದರೆ ಒಂದು ಕಾಲು ಉಳಿಸಿದ ಹಾಗಾಗಬಹುದು.

ಈ ಲಕ್ಷಣ ಕಂಡರೆ ತಡ ಬೇಡ

ಗಾಯಕ ಬಾಬ್ ಮಾರ್ಲಿಯ ಹೆಸರು ಕೇಳಿದವರು ನಮ್ಮಲ್ಲೂ ಇದ್ದಾರೆ. ಆತನ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಇದ್ದದ್ದು ಫುಟ್‌ಬಾಲ್ ಆಡುವಾಗಿನ ಗಾಯ ಅಂತಲೇ ಮೊದಲು ಅಂದುಕೊಳ್ಳಲಾಗಿತ್ತು. 1977ರಲ್ಲಿ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಂತ ತಿಳಿಯಿತು. 1981ರ ಮೇ 11ರಂದು ಆತ ತೀರಿಕೊಂಡಾಗ ವಯಸ್ಸು 36. ಇದು ಅಪರೂಪದ ಕಾಯಿಲೆ. ಆದರೆ ಕಪ್ಪು, ಕಂದು ಮೈಬಣ್ಣದವರಿಗೆ ಮೆಲನೋಮ ಬಂದಾಗ ಅಂಗೈ, ಅಂಗಾಲು, ಉಗುರಿನ ಕೆಳಗೇ ಬರುವುದು ಹೆಚ್ಚು.

ಹಾಗಂತ ಉಗುರಿನ ಪ್ರತಿ ಕಪ್ಪು ಗೆರೆಗೂ ಹೆದರಬೇಕಿಲ್ಲ. ನಮ್ಮ ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆ ಇರೋದು ಸಾಮಾನ್ಯ. ಏಟು ಬಿದ್ದು ರಕ್ತ ಕಟ್ಟಿದ್ದರೆ ಉಗುರು ಬೆಳೆದಂತೆ ಆ ಕಲೆ ಮುಂದೆ ಸರಿಯುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟು ತಿಂಗಳ ನಂತರ ಹೋಲಿಸಿ. ಮುಂದೆ ಸರಿಯದೆ ಅಲ್ಲೇ ಇದ್ದರೆ ತೋರಿಸಿ.

ಚರ್ಮ ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳು ಇವು:

- ದೊಡ್ಡವರಲ್ಲಿ ಒಂದೇ ಉಗುರಿನಲ್ಲಿ ಹೊಸದಾಗಿ ಬಂದ ಕಪ್ಪು ಗೆರೆ ಅಗಲವಾಗುತ್ತಿದ್ದರೆ, ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ
- ಗುಳ್ಳೆ ಬೇಗ ಬೆಳೆಯುತ್ತಿದ್ದರೆ, ಪದೇ ಪದೇ ರಕ್ತ ಬರುತ್ತಿದ್ದರೆ, ಹುಣ್ಣಾಗಿ ಒಣಗದಿದ್ದರೆ
- ವಯಸ್ಸಾದವರಲ್ಲಿ ಒಂದೇ ಉಗುರಿನ ಪಕ್ಕದ ‘ನರುಳ್ಳಿ’ ಚಿಕಿತ್ಸೆ ಕೊಟ್ಟರೂ ಹೋಗದಿದ್ದರೆ
- ಉಗುರು ಸೀಳುತ್ತಿದ್ದರೆ, ಮೇಲೇಳುತ್ತಿದ್ದರೆ, ಕೆಳಗೆ ಗಂಟು ಕಾಣುತ್ತಿದ್ದರೆ
- ಶುಗರ್ ಇರುವವರ ಅಥವಾ ಪಾದದಲ್ಲಿ ಸ್ಪರ್ಶ ಇಲ್ಲದವರ ಯಾವುದೇ ಆಣಿ, ಗುಳ್ಳೆ, ಗಾಯ

‘ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತೆ’ ಅಂತ ಹೆದರಿ ಬಯಾಪ್ಸಿ ಬೇಡ ಅನ್ನುವವರಿದ್ದಾರೆ. ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಬಯಾಪ್ಸಿ ಬರೆದುಕೊಟ್ಟರು ಅಂದರೆ ಕ್ಯಾನ್ಸರ್ ಇದೆ ಅಂತಲೂ ಅಲ್ಲ. ಎಷ್ಟೋ ಸಲ ಅದನ್ನು ಮಾಡಿಸುವುದೇ ಇಲ್ಲ ಅಂತ ಖಚಿತಪಡಿಸಿಕೊಳ್ಳಲು.

ತಾಲ್ಲೂಕು ಆಸ್ಪತ್ರೆಗೆ ಹೋಗುವವರು ಚರ್ಮ ವೈದ್ಯರು ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ, ಒಂದು ದಿನದ ವ್ಯಾಪಾರ ಉಳಿಯುತ್ತದೆ. ಹಿಂದೆ ಹಚ್ಚಿದ ಔಷಧದ ಬಾಟಲಿ, ಮೊಬೈಲ್‌ನಲ್ಲಿರುವ ಹಳೆಯ ಫೋಟೊ, ಶುಗರ್ ರಿಪೋರ್ಟ್ ಜೊತೆಗಿರಲಿ. ನೇಲ್ ಪಾಲಿಶ್, ಮೆಹಂದಿ ಹಚ್ಚಿಕೊಂಡು ಹೋದರೆ ಉಗುರಿನ ಬಣ್ಣ ಕಾಣೋದಿಲ್ಲ, ಅದನ್ನೂ ನೆನಪಿಡಿ. ಅಲ್ಲಿಯವರೆಗೆ ಬ್ಲೇಡ್ ಗಡ್ಡಕ್ಕೆ ಮಾತ್ರ ಇರಲಿ.